ಬನವಾಸಿಯ ಮುತ್ತಿಗೆಗೆ ಟ್ರೆಬುಶೆ ಬೇಕೆ? ಒಂದು ಗೇಮ್ ಮಾಡ್‌ನ ಪ್ರಕರಣ ಅಧ್ಯಯನ

ಹಿನ್ನೆಲೆ

ನಾಲ್ವರು ಬಿಡುವಿನ ವೇಳೆಯಲ್ಲಿ ಕಟ್ಟಿದ ಒಂದು ಗೇಮ್ ಮಾಡ್‌ನ (ಇರುವ ಕಂಪ್ಯೂಟರ್ ಆಟವನ್ನೇ ಆಡುವವರು ತಿದ್ದಿ ಮಾಡಿದ ರೂಪದ) ಪ್ರಕರಣ ಇದು. ಹೆಸರು, ಊರು, ಮಾಡ್‌ನ ಶೀರ್ಷಿಕೆ ಯಾವುದನ್ನೂ ಹೇಳುವುದಿಲ್ಲ. ಗುರುತು ಹತ್ತುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಂಡದಲ್ಲಿದ್ದವರು ಒಬ್ಬ ಪ್ರೋಗ್ರಾಮರ್, ಒಬ್ಬ ಕಲಾವಿದೆ, ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದ ಒಬ್ಬ ಮೇಷ್ಟ್ರು. ಆಡಿ ನೋಡುವುದು, ಮಾತುಕತೆಯ ಟಿಪ್ಪಣಿ ಇಡುವುದು ನನ್ನ ಪಾಲಿಗೆ ಬಂದ ಕೆಲಸ.

ಯಾವ ಆಟದ ಮೇಲೆ ಕಟ್ಟಿದ್ದು ಎಂಬುದನ್ನು ಮಾತ್ರ ಮುಚ್ಚಿಡಬೇಕಿಲ್ಲ. ಅದು ಏಜ್ ಆಫ್ ಎಂಪೈರ್ಸ್ 2. 1999ರಲ್ಲಿ ಬಂದ ಈ ಆಟ 2019ರ ಡೆಫಿನಿಟಿವ್ ಎಡಿಷನ್‌ನಿಂದಾಗಿ ಇವತ್ತಿಗೂ ಓಡುತ್ತಿದೆ. 2013ರ ವಿಸ್ತರಣೆಯಲ್ಲಿ ಇಡೀ ಭಾರತಕ್ಕೆ ‘ಇಂಡಿಯನ್ಸ್’ ಎಂಬ ಒಂದೇ ಪಂಗಡವಿತ್ತು. 2022ರಲ್ಲಿ ಬಂದ ಡೈನಾಸ್ಟೀಸ್ ಆಫ್ ಇಂಡಿಯಾ ಅದನ್ನು ಒಡೆದು ಹಿಂದೂಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ ಎಂದು ನಾಲ್ಕು ಮಾಡಿತು. ರಾಜೇಂದ್ರ ಚೋಳನಿಗೆ ಒಂದು ಕ್ಯಾಂಪೇನ್ (ಸಾಲಾಗಿ ಆಡುವ ಕತೆ) ಸಿಕ್ಕಿತು, ಬಾದಾಮಿ ಚಾಲುಕ್ಯರಿಗೆ ಸಿಗಲಿಲ್ಲ. ಸಿಗದಿದ್ದರೆ ನಾವೇ ಮಾಡೋಣ ಎಂದು ಪ್ರೋಗ್ರಾಮರ್ ಎದ್ದು ನಿಂತದ್ದೇ ಶುರು.

ಇಮ್ಮಡಿ ಪುಲಿಕೇಶಿಯ ಆಳ್ವಿಕೆಯನ್ನು ನಾಲ್ಕು ಆಟಗಳಾಗಿ ಹಂಚಿದ್ದಾಯಿತು: ಬನವಾಸಿಯ ಮುತ್ತಿಗೆ, ಪಡುವಣ ಕಡಲಿನ ಪುರಿಯ ಮೇಲೆ ಹಡಗಿನ ದಾಳಿ, ನರ್ಮದೆಯ ಬಳಿ ಹರ್ಷನ ಜೊತೆ ಯುದ್ಧ, ಕೊನೆಗೆ 642ರಲ್ಲಿ ಪಲ್ಲವರಿಂದ ರಾಜಧಾನಿ ವಾತಾಪಿಯ (ಇಂದಿನ ಬಾದಾಮಿಯ) ರಕ್ಷಣೆ. ಆಧಾರಕ್ಕೆ ಐಹೊಳೆಯ ಮೇಗುತಿ ಬಸದಿಯಲ್ಲಿರುವ, 634ರ ಸುಮಾರಿನ, ಕವಿ ರವಿಕೀರ್ತಿಯ ಶಾಸನವಿತ್ತು. ಅದೇ ಕಾಲದಲ್ಲಿ ಈ ಕಡೆ ಬಂದುಹೋದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್‌ನ ಬರಹವಿತ್ತು. ಏಳನೇ ಶತಮಾನದ ಮಟ್ಟಿಗೆ ಇಷ್ಟು ಸಿಕ್ಕಿದ್ದೇ ದೊಡ್ಡದು.

ಸಮಸ್ಯೆ

ರೋಮ್ ಕುಸಿದಂದಿನಿಂದ ಹದಿನಾರನೇ ಶತಮಾನದವರೆಗಿನ ಸಾವಿರ ವರ್ಷವನ್ನು ಈ ಆಟ ಒಂದೇ ಟೆಕ್ ಟ್ರೀಯಲ್ಲಿ, ಅಂದರೆ ಒಂದರಿಂದ ಒಂದು ತೆರೆಯುವ ಪಡೆ, ಸಂಶೋಧನೆಗಳ ಮರದಲ್ಲಿ, ತುಂಬಿದೆ. ಏಳನೇ ಶತಮಾನದ ಕತೆ ಹೇಳುವವರು ಅದರಲ್ಲಿ ಎಷ್ಟೋ ಕೊಂಬೆ ಕಡಿಯಬೇಕು. ಬಂದೂಕು, ಫಿರಂಗಿ, ಫಿರಂಗಿ ಹೊತ್ತ ಹಡಗು ತೆಗೆಯಲು ಯಾರ ತಕರಾರೂ ಇರಲಿಲ್ಲ. ಆಟದ ಸನ್ನಿವೇಶ ಕಟ್ಟುವ ಸಿನಾರಿಯೊ ಎಡಿಟರ್‌ನಲ್ಲಿ ಅವುಗಳನ್ನು ನಿಷ್ಕ್ರಿಯಗೊಳಿಸಿದರೆ ಮುಗಿಯಿತು. ಬೆಂಕಿ ಉಗುಳುವ ಹಡಗೂ ಹೋಯಿತು. ಬೈಜಾಂಟಿಯಮ್‌ನವರು ಗ್ರೀಕ್ ಬೆಂಕಿಯನ್ನು ಬಳಸಿದ್ದು 670ರ ದಶಕದಲ್ಲಿ, ಪುಲಿಕೇಶಿ ಸತ್ತ ಮೇಲೆ. ಅದೂ ಕಾನ್‌ಸ್ಟಾಂಟಿನೋಪಲ್‌ನ ಸಮುದ್ರದಲ್ಲಿ.

ಕಣ್ಣಿಗೆ ಸರಿಯಾಗಿಯೇ ಕಾಣುವ ವಸ್ತುಗಳ ಹತ್ತಿರ ಬಂದಾಗ ಕಷ್ಟ ಶುರುವಾಯಿತು.

ಕಮ್ಮಾರಸಾಲೆಯನ್ನೇ ನೋಡಿ. ಆಟದಲ್ಲಿ ಕತ್ತಿಯ ಹೊಡೆತದ ಬಲ ಹೆಚ್ಚಿಸಲು ಫೋರ್ಜಿಂಗ್, ಐರನ್ ಕ್ಯಾಸ್ಟಿಂಗ್, ಬ್ಲಾಸ್ಟ್ ಫರ್ನೇಸ್ ಎಂಬ ಮೂರು ಸಂಶೋಧನೆಗಳನ್ನು ಒಂದರ ಹಿಂದೆ ಒಂದು ಕೊಳ್ಳಬೇಕು. ಎರಡನೆಯದು ಎರಕದ ಕಬ್ಬಿಣ. ಎರಕದ ಕಬ್ಬಿಣದಲ್ಲಿ ಇಂಗಾಲ ಎಷ್ಟು ಹೆಚ್ಚೆಂದರೆ ಅದನ್ನು ಬಡಿದು ಆಕಾರಕ್ಕೆ ತರಲಾಗದು, ಪೆಟ್ಟು ಬಿದ್ದರೆ ಸೀಳುತ್ತದೆ. ಅದರಲ್ಲಿ ನೇಗಿಲ ಗುಳ, ಕಡಾಯಿ ಮಾಡಬಹುದು; ಚೀನಾದಲ್ಲಿ ಕ್ರಿಸ್ತಪೂರ್ವದಲ್ಲೇ ಮಾಡುತ್ತಿದ್ದರು. ಆ ಕಬ್ಬಿಣದಲ್ಲಿ ಕತ್ತಿ ಎರೆದು ಯುದ್ಧಕ್ಕೆ ಹೋದವನು ಮೊದಲ ಹೊಡೆತಕ್ಕೇ ಬರಿಗೈಯಾಗುತ್ತಾನೆ. ದಖ್ಖನಿನ ಕಮ್ಮಾರರ ದಾರಿಯೇ ಬೇರೆ: ಅದಿರನ್ನು ಇದ್ದಿಲಿನೊಂದಿಗೆ ಕುಲುಮೆಗೆ ಹಾಕಿ, ತಿದಿ ಊದಿ, ಕರಗದೆ ಮೆತ್ತಗಾದ ಕಬ್ಬಿಣದ ಮುದ್ದೆ ತೆಗೆದು, ಅದನ್ನು ಬಡಿದು ಕಿಟ್ಟ ಹೊರಹಾಕುವುದು. ಅಂದರೆ ಮೂರು ಮೆಟ್ಟಿಲಲ್ಲಿ ಎರಡು ಈ ನಾಡಿನವೇ ಅಲ್ಲ. ಇಷ್ಟು ಕಾಲ ಈ ಆಟ ಆಡಿದ ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ.

ಇದರ ಪಕ್ಕದಲ್ಲಿ ದ್ರಾವಿಡ ಪಂಗಡಕ್ಕೆಂದೇ ಇಟ್ಟ ‘ವೂಟ್ಜ್ ಸ್ಟೀಲ್’, ಅಂದರೆ ದಕ್ಷಿಣ ಭಾರತದ ಹೆಸರಾಂತ ಉಕ್ಕಿನ ಸಂಶೋಧನೆ, ಇದೆ. ಅದನ್ನು ಕೊಂಡ ಕ್ಷಣದಿಂದ ಇಡೀ ರಾಜ್ಯದ ಕಾಲಾಳು, ಕುದುರೆ ಸವಾರರ ಹೊಡೆತ ಎದುರಾಳಿಯ ಕವಚವನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ನಮ್ಮ ಉಕ್ಕಿಗೆ ಗೌರವ ಸಿಕ್ಕಿತಲ್ಲ ಎಂದು ಕಲಾವಿದೆಗೆ ಖುಷಿ. ಮೇಷ್ಟ್ರಿಗೆ ಅದೇ ಕಸಿವಿಸಿ.

ಎಲ್ಲಕ್ಕಿಂತ ದೊಡ್ಡ ತಲೆನೋವು ಟ್ರೆಬುಶೆ. ದೊಡ್ಡ ಭಾರವನ್ನು ಒಂದು ತುದಿಗೆ ಕಟ್ಟಿ, ಅದು ಕುಸಿಯುವ ರಭಸಕ್ಕೆ ಇನ್ನೊಂದು ತುದಿಯಿಂದ ಕಲ್ಲು ಚಿಮ್ಮಿಸುವ ಈ ಯಂತ್ರ ಮೆಡಿಟರೇನಿಯನ್ ಸುತ್ತಮುತ್ತ ಕಾಣಿಸಿಕೊಂಡದ್ದು ಹನ್ನೆರಡನೇ ಶತಮಾನದಲ್ಲಿ. ಚೀನಾದ ಶಿಯಾಂಗ್‌ಯಾಂಗ್ ಕೋಟೆ ಇದರ ಕಲ್ಲಿಗೆ ಮಣಿದದ್ದು 1273ರಲ್ಲಿ. ಅದಕ್ಕೂ ಮೊದಲಿನದು ಜನರೇ ಹಗ್ಗ ಹಿಡಿದು ಜಗ್ಗುವ ಬಗೆ. 712ರ ಸುಮಾರಿಗೆ ಸಿಂಧ್‌ನ ದೇಬಲ್ ಕೋಟೆಯ ಮುಂದೆ ಅರಬರು ನಿಲ್ಲಿಸಿದ ಅಂಥ ಒಂದು ಯಂತ್ರಕ್ಕೆ 500 ಜನ ಬೇಕಿತ್ತು ಎಂದು ಅರಬ್ಬೀ ಇತಿಹಾಸಕಾರ ಬಲಾಧುರಿ ಬರೆದಿದ್ದಾನೆ. ಅದೂ ವಾತಾಪಿ ಬಿದ್ದು 70 ವರ್ಷದ ಮೇಲೆ. ಆದರೆ ಆಟದ ಲೆಕ್ಕದಲ್ಲಿ ಟ್ರೆಬುಶೆ ಇಲ್ಲದೆ ಕೋಟೆ ಬೀಳಿಸುವುದು ಕಷ್ಟ. ಅದರ ಎಸೆತ ನಕ್ಷೆಯ 16 ಚೌಕ. ಕ್ಯಾಸಲ್‌ನ, ಅಂದರೆ ಆಟದ ಕೋಟೆಯ, ಬಾಣ ಶುರುವಿನಲ್ಲಿ 8 ಚೌಕ, ಎಲ್ಲ ಸುಧಾರಣೆ ಮುಗಿದರೂ 11. ಇಡೀ ಆಟದ ಸಮತೋಲ ಈ ಅಂತರದ ಮೇಲೆ ನಿಂತಿದೆ.

ಮೊದಲ ದಾರಿ

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ: ಹೆಸರು ಬದಲಿಸಿದ್ದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸ್ಥಿರಯಂತ್ರ, ಚಲಯಂತ್ರ ಎಂದು ಕೋಟೆ ಕಾಳಗದ ಯಂತ್ರಗಳ ಪಟ್ಟಿಯೇ ಇದೆ. ಸರ್ವತೋಭದ್ರ, ಜಾಮದಗ್ನ್ಯ, ಬಹುಮುಖ ಮುಂತಾಗಿ ಹೆಸರುಗಳು ಹೋಗುತ್ತವೆ. ಕಲಾವಿದೆ ಟ್ರೆಬುಶೆಗೆ ‘ಜಾಮದಗ್ನ್ಯ’ ಎಂದು ಹೆಸರಿಟ್ಟು, ಮರದ ಕಂಬಗಳಿಗೆ ಚಾಲುಕ್ಯ ಶೈಲಿಯ ಕೆತ್ತನೆಯ ಚಿತ್ರ ಬಿಡಿಸಿದಳು. ಚೆನ್ನಾಗಿಯೇ ಕಾಣುತ್ತಿತ್ತು. ಆಡಿ ನೋಡಿದ ಗೆಳೆಯರು ಬೆನ್ನು ತಟ್ಟಿದರು.

ಮೇಷ್ಟ್ರು ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು. “ಏನಮ್ಮಾ, ಬೋರ್ಡ್ ಬದಲಾಯಿಸಿದ್ರೆ ಅಂಗಡಿ ಬದಲಾಗುತ್ತಾ?”

ಅವರ ವಾದ ಇಷ್ಟು. ಟ್ರೆಬುಶೆ ಎಂದೇ ಬಿಟ್ಟಿದ್ದರೆ ಆಡುವವನಿಗೆ ಇದು ಮೂಲ ಆಟದಿಂದ ಬಂದ ಸಾಮಾನು ಎಂದಾದರೂ ಗೊತ್ತಾಗುತ್ತಿತ್ತು. ಈಗ ಅದಕ್ಕೆ ಸಂಸ್ಕೃತದ ಹೆಸರು, ಚಾಲುಕ್ಯರ ಕೆತ್ತನೆ ಎರಡನ್ನೂ ತೊಡಿಸಿ, ಪುಲಿಕೇಶಿಯ ದಂಡಿನಲ್ಲಿ 16 ಚೌಕ ಎಸೆಯುವ ಯಂತ್ರವಿತ್ತು ಎಂದು ನಾವೇ ಸಾಕ್ಷಿ ಹೇಳಿದ ಹಾಗಾಯಿತು. ಗ್ರಂಥದಲ್ಲಿ ಹೆಸರಿದೆ ನಿಜ, ಆ ಯಂತ್ರ ಎಷ್ಟು ದೂರ ಎಸೆಯುತ್ತಿತ್ತು ಎಂಬ ಅಳತೆ ಅಲ್ಲಿಲ್ಲ. ಬನವಾಸಿಯ ಮುಂದೆ ಅದನ್ನು ತಂದು ನಿಲ್ಲಿಸಿದರು ಎನ್ನುವುದಕ್ಕೆ ಐಹೊಳೆಯ ಶಾಸನದಲ್ಲಿ ಒಂದಕ್ಷರವಿಲ್ಲ.

ಪ್ರೋಗ್ರಾಮರ್ ಸುಲಭಕ್ಕೆ ಒಪ್ಪಲಿಲ್ಲ. ಆಟ ಎಂದ ಮೇಲೆ ಸ್ವಲ್ಪ ಸಡಿಲ ಬೇಡವೇ ಎನ್ನುವುದು ಅವನ ಮಾತು. ಅದೂ ತಪ್ಪಲ್ಲ. ಹಾಗೆ ನೋಡಿದರೆ ಸೈನಿಕನೊಬ್ಬ ಅರ್ಧ ನಿಮಿಷದಲ್ಲಿ ತಯಾರಾಗುವುದೂ ಸುಳ್ಳೇ. ಯಾವ ಸುಳ್ಳು ಆಟದ ನಿಯಮ, ಯಾವುದು ಇತಿಹಾಸದ ಬಗ್ಗೆ ಹೇಳಿದ ಸುಳ್ಳು ಎಂಬ ಗೆರೆ ಎಲ್ಲಿ ಎಳೆಯಬೇಕು ಎನ್ನುವುದೇ ಆಮೇಲಿನ ಎಲ್ಲ ಜಗಳಗಳ ತಿರುಳಾಯಿತು.

ಹಳೆಯ ಉದಾಹರಣೆಯೊಂದನ್ನು ಅವತ್ತು ಮೇಜಿನ ಮೇಲಿಟ್ಟೆವು. 2004ರ ರೋಮ್: ಟೋಟಲ್ ವಾರ್ ಆಟದಲ್ಲಿ ಕ್ರಿ.ಪೂ. ಮೂರನೇ ಶತಮಾನದ ಈಜಿಪ್ಟ್, ಫೇರೋಗಳ ಕಾಲದ ರಥ, ವೇಷಗಳೊಂದಿಗೆ ಯುದ್ಧಕ್ಕೆ ಬರುತ್ತದೆ. ಆ ಹೊತ್ತಿಗೆ ಅಲ್ಲಿ ಆಳುತ್ತಿದ್ದವರು ಟಾಲೆಮಿ ವಂಶದವರು. ಅವರ ಸೈನ್ಯ ಮ್ಯಾಸಿಡೋನಿಯಾದ ಪದ್ಧತಿಯಲ್ಲಿ ಉದ್ದ ಈಟಿ ಹಿಡಿದು ಸಾಲುಗಟ್ಟಿ ನಿಲ್ಲುತ್ತಿತ್ತು. ಅದೇ ಆಟದಲ್ಲಿ ಮೈಗೆ ಬೆಂಕಿ ಹಚ್ಚಿದ ಹಂದಿಗಳನ್ನು ಆನೆಗಳ ಮೇಲೆ ಬಿಡುವ ಪಡೆಯೂ ಇದೆ. ಅದನ್ನು ನೋಡಿ ನಗದವರಿಲ್ಲ. ಆದರೆ ಗ್ರೀಸ್‌ನ ಮೆಗಾರಾ ಪಟ್ಟಣದವರು ಮ್ಯಾಸಿಡೋನಿಯಾದ ರಾಜ ಆಂಟಿಗೋನಸ್‌ನ ಆನೆಗಳ ಮೇಲೆ ಹೀಗೆ ಹಂದಿ ಬಿಟ್ಟರು ಎಂದು ಹಳೆಯ ಗ್ರೀಕ್ ಬರಹಗಾರರು ಬರೆದಿದ್ದಾರೆ. ನಗು ಬರಿಸುವುದಕ್ಕೆ ಆಧಾರವಿದೆ, ಗಂಭೀರವಾಗಿ ಕಾಣುವುದಕ್ಕೆ ಇಲ್ಲ. ‘ಇದು ಆ ಕಾಲದ್ದೇ ಅನ್ನಿಸುತ್ತೆ’ ಎಂಬ ಅನಿಸಿಕೆಯ ಮೇಲೆ ಭಾರ ಹಾಕಬಾರದು ಎಂದು ಅವತ್ತೇ ತೀರ್ಮಾನವಾಯಿತು.

ಅಲ್ಲಿಂದ ಮುಂದೆ ಒಂದು ಸ್ಪ್ರೆಡ್‌ಶೀಟ್ ಇಟ್ಟೆವು. ಪ್ರತಿ ವಸ್ತುವಿನ ಎದುರು ಆಧಾರ ಯಾವ ಬಗೆಯದು ಎಂದು ಬರೆಯಬೇಕು: ಶಾಸನವೇ, ಸಮಕಾಲೀನ ಪ್ರವಾಸಿಯ ಮಾತೇ, ಶಿಲ್ಪವೇ, ಉತ್ಖನನವೇ, ಬರೀ ಗ್ರಂಥದ ಹೆಸರೇ, ನಮ್ಮ ಊಹೆಯೇ. ಊಹೆ ಮಾಡಬಾರದು ಎಂದಿರಲಿಲ್ಲ, ಬಚ್ಚಿಡಬಾರದು ಎಂದಿತ್ತು. ಆಟದೊಳಗಿನ ಸುಳಿವಿನ ಪುಟದಲ್ಲೂ ಅದನ್ನೇ ತೋರಿಸುವುದೆಂದು ಒಪ್ಪಿದೆವು.

ಬನವಾಸಿಯಲ್ಲಿ ಆದ ತಿರುವು

ಟ್ರೆಬುಶೆ ತೆಗೆದು ಆಡಿ ನೋಡಿದಾಗ ಪ್ರೋಗ್ರಾಮರ್ ಹೆದರಿದ್ದೇ ಆಯಿತು. ಆಟದಲ್ಲಿ ಭಾರತದ ಪಂಗಡಗಳಿಗೆ ಬಾಗಿಲೊಡೆಯುವ ದಿಮ್ಮಿಯ ಬದಲು ಕವಚ ತೊಟ್ಟ ಆನೆ ಕೊಟ್ಟಿದ್ದಾರೆ. ಆ ಆನೆಗಳನ್ನು ಗೋಡೆಗೆ ಒಂದರ ಮೇಲೊಂದು ನುಗ್ಗಿಸುವುದು, ಸತ್ತರೆ ಇನ್ನಷ್ಟು ತರುವುದು, ಇಷ್ಟೇ ಆಟವಾಯಿತು. ನನಗೇ ಆಕಳಿಕೆ ಬಂತು.

“ಸಾರ್, ಟ್ರೆಬ್ ತೆಗೆದ್ರೆ ಕೋಟೆ ಬೀಳೋದೇ ಇಲ್ಲ ಸಾರ್,” ಎಂದ ಪ್ರೋಗ್ರಾಮರ್.

“ಬೀಳೋದು ಬೇಡಪ್ಪ. ಒಳಗಿರೋರು ಹೊರಗೆ ಬಂದ್ರೆ ಸಾಕಲ್ಲ?”

ಹಾಗೆ ಹೇಳಿ ಮೇಷ್ಟ್ರು ಐಹೊಳೆ ಶಾಸನದ ಬನವಾಸಿಯ ಶ್ಲೋಕ ತೆಗೆದರು. ವರದೆಯ ಅಲೆಗಳ ಮೇಲೆ ಆಡುವ ಹಂಸಗಳ ಸಾಲನ್ನು ಒಡ್ಯಾಣವಾಗಿ ತೊಟ್ಟ ಆ ಪಟ್ಟಣವನ್ನು ಪುಲಿಕೇಶಿಯ ಸೇನಾಸಾಗರ ಎಲ್ಲ ಕಡೆಯಿಂದ ಮುಚ್ಚಿದಾಗ, ನೆಲದ ಮೇಲಿನ ಕೋಟೆ ನೋಡುವವರಿಗೆ ಜಲದುರ್ಗದಂತೆ ಕಂಡಿತು ಎನ್ನುತ್ತಾನೆ ರವಿಕೀರ್ತಿ. ಅದು ಕವಿಯ ಉತ್ಪ್ರೇಕ್ಷೆ, ಒಪ್ಪೋಣ. ಆದರೆ ಕವಿ ಹೊಗಳಲು ಆರಿಸಿಕೊಂಡದ್ದು ಏನನ್ನು? ಗೋಡೆ ಒಡೆದದ್ದನ್ನಲ್ಲ, ಮುತ್ತಿದ್ದನ್ನು. ಇಷ್ಟು ದಿನ ನಾವು ಹುಡುಕುತ್ತಿದ್ದದ್ದು ಆ ಕಾಲಕ್ಕೆ ಒಪ್ಪುವ ಯಂತ್ರವನ್ನು. ಯಂತ್ರವೇ ಬೇಕೆ ಎಂದು ಯಾರೂ ಕೇಳಿರಲಿಲ್ಲ.

ಪ್ರೋಗ್ರಾಮರ್ ಸುಮ್ಮನಾದ. ವಾರ ಕಳೆದು ಬಂದವನ ಕೈಯಲ್ಲಿ ಹೊಸ ಆಟವೇ ಇತ್ತು. ಕೋಟೆಯ ಸುತ್ತ ಅವನು ನಾಲ್ಕು ಪ್ರದೇಶ ಗುರುತು ಮಾಡಿದ್ದ: ಹೊಳೆ ದಾಟುವ ಕಡವು, ಎರಡು ದಾರಿ, ಗದ್ದೆ ಬಯಲು. ನಾಲ್ಕರಲ್ಲೂ ಆಟಗಾರನ ಪಡೆ ಇದ್ದರೆ ಟ್ರಿಗರ್ (ಹೀಗಾದರೆ ಹೀಗೆ ಎಂದು ಮೊದಲೇ ಬರೆದಿಟ್ಟ ಆದೇಶ) ಓಡುತ್ತದೆ. ಒಳಗಿನವರ ಆಹಾರ ಕರಗುತ್ತಾ ಹೋಗುತ್ತದೆ, ಆಮೇಲೆ ಕಾವಲಿನವರ ಶಕ್ತಿ ಇಳಿಯುತ್ತದೆ. ಒಂದು ಮಟ್ಟಕ್ಕೆ ಬಂದಾಗ ಅವರು ಬಾಗಿಲು ತೆರೆದು ಮೇಲೆ ಬೀಳುತ್ತಾರೆ. ಅದನ್ನು ತಡೆದರೆ ಕೋಟೆ ಕೈಗೆ ಬರುತ್ತದೆ. ಒಂದು ಪ್ರದೇಶ ಕೈತಪ್ಪಿದರೂ ಲೆಕ್ಕ ಮೊದಲಿನಿಂದ.

ಅದಕ್ಕೆ ಮೇಷ್ಟ್ರು ಸೇರಿಸಿದ್ದು ಒಂದು ಪ್ರಶ್ನೆ: ಹೊರಗಿನ ದಂಡು ಏನು ತಿನ್ನುತ್ತದೆ? ಸರಿ, ಮುತ್ತಿಗೆ ಹಾಕಿದವನ ಆಹಾರವೂ ಇಳಿಯತೊಡಗಿತು. ಇದಾದ ಮೇಲೆ ಆಟ ಬದಲಾಯಿತು. ಕೋಟೆಯ ಮುಂದೆ ನಡೆಯಬೇಕಾದ ಜಗಳ ಹಿಂದಿನ ದಾರಿಯಲ್ಲಿ, ದವಸ ಹೊತ್ತ ಬಂಡಿಗಳ ಸುತ್ತ ನಡೆಯತೊಡಗಿತು. ಮಲೆನಾಡಿನ ಸೆರಗಿನ ಊರು ಅದು. ಮಳೆಗಾಲ ಹಿಡಿದರೆ ವರದೆ ತುಂಬಿ ಕಡವು ಮುಚ್ಚುತ್ತದೆ ಎಂಬ ಕಾಲಮಿತಿಯನ್ನೂ ಹಾಕಿದೆವು. ಶಾಸನ ಮಳೆಯ ಮಾತೆತ್ತುವುದಿಲ್ಲ. ಹಾಗಾಗಿ ಸ್ಪ್ರೆಡ್‌ಶೀಟ್‌ನಲ್ಲೂ ಸುಳಿವಿನ ಪುಟದಲ್ಲೂ ಅದರ ಮುಂದೆ ‘ಊಹೆ’ ಎಂದಿದೆ.

ವಾತಾಪಿಯ ಆಟಕ್ಕೂ ಇದೇ ದಾರಿ ತೆರೆಯಿತು. ಆ ಬೆಟ್ಟವನ್ನು ದುರ್ಗವಾಗಿಸಿದೆನೆಂದು ಮೊದಲನೇ ಪುಲಿಕೇಶಿ ಶಕ 465ರಲ್ಲಿ, ಅಂದರೆ 543ರಲ್ಲಿ, ಬಾದಾಮಿಯ ಬಂಡೆಯ ಮೇಲೆ ಕೆತ್ತಿಸಿದ್ದಾನೆ. ಕೆಂಪು ಮರಳುಗಲ್ಲಿನ ಆ ಕಡಿದಾದ ಬಂಡೆಗಳನ್ನು ನೋಡಿದವರಿಗೆ ಅದನ್ನು ಕಲ್ಲೆಸೆದು ಉರುಳಿಸುವ ಯೋಚನೆಯೇ ಬರುವುದಿಲ್ಲ. ಪಲ್ಲವರ ಕೂರಂ ತಾಮ್ರಪಟ, ನರಸಿಂಹವರ್ಮ ಪುಲಿಕೇಶಿಯನ್ನು ಪರಿಯಳ, ಮಣಿಮಂಗಲ, ಶೂರಮಾರಗಳಲ್ಲಿ ಸೋಲಿಸಿದ್ದನ್ನು ಹೇಳಿ, ಆಮೇಲೆ ವಾತಾಪಿಯ ನಾಶಕ್ಕೆ ಬರುತ್ತದೆ. ಕೋಟೆ ಬೀಳುವ ಮೊದಲೇ ದಂಡು ದೂರದ ಬಯಲಿನಲ್ಲಿ ಕರಗಿತ್ತು ಎಂದು ಓದಿಕೊಂಡೆವು. ಹಾಗಾಗಿ ನಮ್ಮ ಕೊನೆಯ ಆಟದಲ್ಲಿ ಆಟಗಾರನ ಬಳಿ ಭದ್ರವಾದ ಬೆಟ್ಟ ಇರುತ್ತದೆ, ಕಾಯಲು ಜನ ಇರುವುದಿಲ್ಲ.

ಉಕ್ಕು: ಒತ್ತುವ ಗುಂಡಿಯಿಂದ ಕುಲುಮೆಗೆ

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಗಟ್ಟಿ ಭಾಗ ಇದು. ಬನವಾಸಿಯಲ್ಲಿ ಇಲ್ಲದ ವಸ್ತುವನ್ನು ತೆಗೆದಿದ್ದೆವು. ಉಕ್ಕು ಹಾಗಲ್ಲ, ಅದು ಇದ್ದೇ ಇತ್ತು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಕ್ರಿಸ್ತಪೂರ್ವ 1000ದ ಸುಮಾರಿನ ಕಬ್ಬಿಣ ಸಿಕ್ಕಿದೆ. ತಮಿಳುನಾಡಿನ ಕೊಡುಮಣಲ್‌ನಲ್ಲಿ ಕಬ್ಬಿಣ, ಉಕ್ಕಿನ ಕುಲುಮೆಗಳು ಸಿಕ್ಕಿವೆ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಉಕ್ಕು ಮಾಡಿದ ಮೂಸೆಗಳ (ಲೋಹ ಕರಗಿಸುವ ಮಣ್ಣಿನ ಪಾತ್ರೆಗಳ) ಚೂರು ಸಿಕ್ಕಿವೆ. ‘ಇತ್ತೋ ಇಲ್ಲವೋ’ ಎಂಬ ಪ್ರಶ್ನೆಗೆ ಉತ್ತರ ‘ಇತ್ತು’ ಎಂದಾದರೆ ಮುಗಿಯಿತಲ್ಲ, ಆಟದಲ್ಲಿ ಇರುವುದನ್ನು ಹಾಗೇ ಬಿಡೋಣ ಎಂದಳು ಕಲಾವಿದೆ.

ಮೇಷ್ಟ್ರು ಫ್ರಾನ್ಸಿಸ್ ಬುಕನನ್‌ನ ಬರಹ ಓದಿಸಿದರು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಆತ ಉಕ್ಕು ಮಾಡುವುದನ್ನು ವಿವರವಾಗಿ ಬರೆದಿದ್ದಾನೆ. ಮಣ್ಣಿನ ಸಣ್ಣ ಮೂಸೆಯೊಳಗೆ ಕಬ್ಬಿಣದ ತುಂಡು, ಅದರ ಜೊತೆ ತಂಗಡಿ ಗಿಡದ ಒಣ ಕಡ್ಡಿ, ಒಂದೆರಡು ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ ಮುಚ್ಚಿ, ಇಂಥ ಹಲವು ಮೂಸೆಗಳನ್ನು ಇದ್ದಿಲಿನ ನಡುವೆ ಜೋಡಿಸಿ ತಿದಿ ಊದುವುದು. ಕಡ್ಡಿ, ಎಲೆ ಕರಿಕಾಗಿ ಅದರ ಇಂಗಾಲ ಕಬ್ಬಿಣಕ್ಕೆ ಸೇರುತ್ತದೆ. ಇಂಗಾಲ ಸೇರಿದಷ್ಟೂ ಲೋಹ ಕರಗುವ ಬಿಸಿ ಇಳಿಯುತ್ತದೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕಾದರೆ, ನೂರಕ್ಕೆ ಒಂದೂವರೆ ಪಾಲು ಇಂಗಾಲ ಸೇರಿದ್ದು ಅದಕ್ಕಿಂತ ಎಷ್ಟೋ ಕೆಳಗೆ ಕರಗುತ್ತದೆ. ತಣಿದ ಮೇಲೆ ಮೂಸೆ ಒಡೆದರೆ ಒಳಗಿರುವುದು ಅಂಗೈಯಲ್ಲಿ ಹಿಡಿಸುವ ಒಂದು ಉಕ್ಕಿನ ಗಟ್ಟಿ. ಇಷ್ಟೆಲ್ಲ ಮಾಡಿ ಅಷ್ಟು. ಅದನ್ನು ಕತ್ತಿ ಮಾಡುವುದು ಇನ್ನೊಂದು ವಿದ್ಯೆ. ಬಿಳಿ ಬಿಸಿಗೆ ಕಾಯಿಸಿ ಬಡಿದರೆ ಗಟ್ಟಿ ಪುಡಿಪುಡಿಯಾಗುತ್ತದೆ. ಇಲ್ಲಿಂದ ತರಿಸಿಕೊಂಡ ಯುರೋಪಿನ ಕಮ್ಮಾರರು ಎಡವಿದ್ದು ಅಲ್ಲಿಯೇ. ಕೆಂಪು ಬಿಸಿಯಲ್ಲಿ ನಿಧಾನಕ್ಕೆ ಬಡಿಯಬೇಕು.

ಬುಕನನ್ ಕಂಡದ್ದಕ್ಕೂ ಪುಲಿಕೇಶಿಗೂ ನಡುವೆ ಸಾವಿರದ ನೂರೈವತ್ತಕ್ಕೂ ಹೆಚ್ಚು ವರ್ಷವಿದೆ. ಮೂಸೆಯ ಅಳತೆ, ಎಲೆಯ ಲೆಕ್ಕವನ್ನು ಅಷ್ಟು ಹಿಂದಕ್ಕೆ ಒಯ್ಯಲಾಗದು ಎಂದು ಮೇಷ್ಟ್ರೇ ಎಚ್ಚರಿಸಿದರು. ಆದರೆ ಉಕ್ಕು ಸಣ್ಣ ಗಟ್ಟಿಗಳಲ್ಲಿ, ಗೊತ್ತಿದ್ದವರ ಕೈಯಲ್ಲಿ, ಕಾಡು ಹತ್ತಿರವಿದ್ದ ಕಡೆ ಆಗುತ್ತಿತ್ತು ಎಂಬುದು ಆ ವಿದ್ಯೆಯ ಸ್ವಭಾವ. ರಾಜಧಾನಿಯಲ್ಲಿ ಕೂತು ಚಿನ್ನ ಸುರಿದು ಒಂದು ಗುಂಡಿ ಒತ್ತಿದರೆ ಇಡೀ ದಂಡಿನ ಕತ್ತಿಗಳು ಆ ಕ್ಷಣಕ್ಕೆ ಉಕ್ಕಾಗುವ ವಿದ್ಯೆಯಲ್ಲ ಅದು.

ಇಲ್ಲಿ ನನಗೆ ಸ್ಪಷ್ಟವಾದ ಮಾತು ಇದು. ತಂತ್ರಗಾರಿಕೆಯ ಆಟಗಳಲ್ಲಿ ಇತಿಹಾಸದ ತಪ್ಪು ಹುಡುಕುವವರು ಇಸವಿಯ ಹಿಂದೆ ಬೀಳುತ್ತಾರೆ: ಈ ವಸ್ತು ಆ ವರ್ಷ ಇತ್ತೇ? ಇಸವಿ ಸರಿಯಿದ್ದರೂ ಟೆಕ್ ಟ್ರೀ ಎಂಬ ಏರ್ಪಾಡೇ ಒಂದು ದೊಡ್ಡ ತಪ್ಪನ್ನು ಹೊತ್ತು ತಿರುಗುತ್ತದೆ. ವಿದ್ಯೆ ರಾಜನ ಸೊತ್ತು, ಒಮ್ಮೆ ಕೊಂಡರೆ ರಾಜ್ಯಕ್ಕೆಲ್ಲ ಹಂಚಿಹೋಗುತ್ತದೆ, ಎಂದಿಗೂ ಕಳೆದುಹೋಗುವುದಿಲ್ಲ ಎಂದು ಅದು ಹೇಳುತ್ತದೆ. ಫ್ರಾನ್ಸಿಸ್ ಟ್ರೆಶಮ್‌ನ 1980ರ ಬೋರ್ಡ್ ಗೇಮ್‌ನಿಂದ ಹಿಡಿದು 1991ರಲ್ಲಿ ಸಿಡ್ ಮಯರ್ ತಂದ ಸಿವಿಲೈಸೇಶನ್‌ವರೆಗೆ, ಅಲ್ಲಿಂದ ಇಲ್ಲಿವರೆಗೆ ನಾವು ಆಡಿದ್ದೆಲ್ಲ ಇದೇ ಅಚ್ಚಿನದು. ಆಟಕ್ಕೆ ಇದು ಅನುಕೂಲ, ಅಲ್ಲವೆನ್ನುವುದಿಲ್ಲ.

ಮಾಡ್‌ನಲ್ಲಿ ಉಕ್ಕಿನ ಗುಂಡಿ ತೆಗೆದೆವು. ಬದಲಿಗೆ ನಕ್ಷೆಯಲ್ಲಿ ಎರಡು ಕುಲುಮೆ ಊರುಗಳು ಬಂದವು, ಎರಡೂ ಕಾಡಿನಂಚಿನಲ್ಲಿ. ಅವು ಕೈಯಲ್ಲಿರುವವರೆಗೆ, ಅಲ್ಲಿಗೆ ಮರ ಹೋಗುತ್ತಿರುವವರೆಗೆ, ಆಗಾಗ ಕೆಲವೇ ಕೆಲವು ಆಯ್ದ ಯೋಧರ ಹೊಡೆತ ಸ್ವಲ್ಪ ಏರುತ್ತದೆ. ಕವಚ ಲೆಕ್ಕಕ್ಕಿಲ್ಲ ಎಂಬ ಪವಾಡವಿಲ್ಲ. ಶತ್ರು ಬಂದು ಕುಲುಮೆ ಸುಟ್ಟರೆ ಇದ್ದ ಕತ್ತಿ ಇರುತ್ತದೆ, ಹೊಸದು ಬರುವುದಿಲ್ಲ. ಮತ್ತೆ ಕಟ್ಟಲು ಆಟದಲ್ಲಿ ದಾರಿಯೇ ಇಲ್ಲ. ಎರಕದ ಕಬ್ಬಿಣ, ಬ್ಲಾಸ್ಟ್ ಫರ್ನೇಸ್ ಎರಡನ್ನೂ ತೆಗೆದು ಫೋರ್ಜಿಂಗ್ ಒಂದನ್ನು ಉಳಿಸಿದೆವು.

ಇದರಿಂದ ಆಟ ಕಷ್ಟವಾಯಿತು, ಆಸಕ್ತಿಯೂ ಹೆಚ್ಚಿತು. ನರ್ಮದೆಯ ಆಟದಲ್ಲಿ ಉತ್ತರದ ಗಡಿಗೆ ಎಲ್ಲರನ್ನೂ ಕಳಿಸಿ ಕುಲುಮೆಗೆ ಕಾವಲಿಡದೆ ಹೋದ ಆಟಗಾರರು ಅರ್ಧದಲ್ಲೇ ಸೋತರು. ಸೋತವರ ದೂರು ಮಾತ್ರ ಕಮ್ಮಾರರ ಬಗ್ಗೆ ಅಲ್ಲ, ಕಾಡು ಬೇಗ ಮುಗಿಯಿತು ಎಂದು.

ಕುಡಿದ ಆನೆ, ಹಾರದ ವಿಮಾನ

ಹ್ಯೂಯೆನ್ ತ್ಸಾಂಗ್ ಪುಲಿಕೇಶಿಯ ಸೈನ್ಯದ ಬಗ್ಗೆ ಬರೆದದ್ದರಲ್ಲಿ ಎರಡು ಸಂಗತಿ ಆಟಕ್ಕೆ ಹೇಳಿ ಮಾಡಿಸಿದ ಹಾಗಿದ್ದವು. ಯುದ್ಧಕ್ಕೆ ಮೊದಲು ವೀರರೂ ಕುಡಿಯುತ್ತಿದ್ದರು, ನೂರಾರು ಆನೆಗಳಿಗೂ ಮದ್ಯ ಕುಡಿಸಿ ಬಿಡುತ್ತಿದ್ದರು. ಸೋತ ದಂಡನಾಯಕನಿಗೆ ಬೇರೆ ಶಿಕ್ಷೆಯಿಲ್ಲ, ಹೆಂಗಸರ ಬಟ್ಟೆ ಕೊಡುತ್ತಿದ್ದರು. ಆ ಅವಮಾನಕ್ಕೆ ಎಷ್ಟೋ ಜನ ಪ್ರಾಣ ಬಿಡುತ್ತಿದ್ದರು. ಎರಡನೆಯದನ್ನು ಕತೆಯ ಮಾತುಗಳಲ್ಲಿ ಸೇರಿಸಿದೆವು. ಮೊದಲನೆಯದು ಆಟದ ನಿಯಮವೇ ಆಯಿತು: ಆಹಾರ ಖರ್ಚು ಮಾಡಿ ಆನೆಗಳನ್ನು ಮದವೇರಿಸಬಹುದು, ಹೊಡೆತ ಬಲವಾಗುತ್ತದೆ, ಅಕ್ಕಪಕ್ಕದ ನಮ್ಮವರಿಗೂ ಏಟು ಬೀಳುತ್ತದೆ.

ಬಿಡುಗಡೆಯಾದ ಮೇಲೆ ಅತಿ ಹೆಚ್ಚು ಬೈಗುಳ ತಿಂದದ್ದು ಈ ಆನೆಗಳೇ. ಇತಿಹಾಸ ಅಂತ ಹೇಳಿ ಕಾಮಿಡಿ ಮಾಡಿದ್ದಾರೆ ಎಂದರು. ಇಡೀ ಮಾಡ್‌ನಲ್ಲಿ ಪುಲಿಕೇಶಿಯ ಕಾಲದ ಪ್ರವಾಸಿಯ ಮಾತನ್ನೇ ನೆಚ್ಚಿ ಮಾಡಿದ ನಿಯಮ ಅದು. ಮೊದಲ ಪ್ರತಿಯ ಜಾಮದಗ್ನ್ಯವನ್ನು, ಆಡಿ ನೋಡಿದ ಗೆಳೆಯರಲ್ಲಿ ಪ್ರಶ್ನಿಸಿದ ಒಬ್ಬನೂ ಇರಲಿಲ್ಲ ಎಂಬುದನ್ನು ಇದರ ಪಕ್ಕಕ್ಕಿಟ್ಟು ನೋಡಿ.

ವಿಮಾನದ ಪ್ರಸಂಗ ಚಿಕ್ಕದು. ಚಿತ್ರದ ಕೆಲಸಕ್ಕೆ ಹಣ ಕೊಡಲು ಮುಂದೆ ಬಂದವರೊಬ್ಬರು ಒಂದು ಷರತ್ತು ಇಟ್ಟರು: ಪ್ರಾಚೀನ ವಿಮಾನ ಒಂದು ಇರಲಿ, ಗುಪ್ತ ಪಡೆಯಾಗಿ. ಆಧಾರ ಅಂತ ತೋರಿಸಿದ್ದು ವೈಮಾನಿಕ ಶಾಸ್ತ್ರ. ಭಾರತೀಯ ವಿಜ್ಞಾನ ಸಂಸ್ಥೆಯ ಐವರು 1974ರಲ್ಲಿ ಆ ಪಠ್ಯವನ್ನು ಪರೀಕ್ಷಿಸಿ, ಅದು 1904ಕ್ಕಿಂತ ಹಿಂದಿನದಲ್ಲ, ಅದರಲ್ಲಿನ ವಿಮಾನಗಳು ಹಾರಲಾರವು ಎಂದು ಬರೆದಿದ್ದಾರೆ. ನಮ್ಮ ಸ್ಪ್ರೆಡ್‌ಶೀಟ್‌ನಲ್ಲಿ ಅದಕ್ಕೆ ಜಾಗವಿರಲಿಲ್ಲ. ಪುರಾಣದ ಆಟವಾಗಿದ್ದರೆ ಪುಷ್ಪಕ ವಿಮಾನವನ್ನು ಧಾರಾಳವಾಗಿ ಹಾಕಬಹುದಿತ್ತು ಎಂದು ಮೇಷ್ಟ್ರು ಅವರಿಗೆ ಸಮಾಧಾನವಾಗಿ ಹೇಳಿದರು. ಹಣ ಬರಲಿಲ್ಲ. ಆನೆಗಳಿಗೆ ಹೊಸ ಚಿತ್ರ ಬರೆಸಲಾಗದೆ ಮೂಲ ಆಟದವನ್ನೇ ಉಳಿಸಿಕೊಂಡದ್ದು ಆ ಕಾರಣಕ್ಕೆ.

ಏನಾಯಿತು, ಏನು ಉಳಿಯಿತು

ಆಡಿದವರು ಎರಡು ಪಾಲಾದರು. ಗಡಿಬಿಡಿಯ ಹೊಡೆದಾಟ ಬೇಕಿದ್ದವರು ಬನವಾಸಿಯಲ್ಲೇ ಬಿಟ್ಟುಹೋದರು. ಉಳಿದವರು ಸುಳಿವಿನ ಪುಟಗಳನ್ನು ಓದಿದರು. ಕಲಾವಿದೆಗೆ ಹೆಚ್ಚು ಸಂತೋಷ ಕೊಟ್ಟ ಪತ್ರ ಒಬ್ಬ ಹೈಸ್ಕೂಲ್ ಹುಡುಗನದು: ಮೇಗುತಿಗೆ ಹೋಗಿ ಶಾಸನ ನೋಡಿ ಬಂದೆ, ಆದರೆ ಅದರಲ್ಲಿ ಬನವಾಸಿ ಎಲ್ಲಿದೆ ಎಂದು ಓದಲು ಬರಲಿಲ್ಲ ಎಂದು ಬರೆದಿದ್ದ. ಮೇಷ್ಟ್ರು ಆ ಸಾಲಿನ ಲಿಪ್ಯಂತರ ಬರೆದು ಕಳಿಸಿದರು.

ಇಂಥದ್ದಕ್ಕೆ ಕೈಹಾಕುವವರಿಗೆ ಈ ಪ್ರಕರಣದಿಂದ ಕೆಲಸಕ್ಕೆ ಬರುವುದು ಬಹುಶಃ ಆ ಸ್ಪ್ರೆಡ್‌ಶೀಟ್. ಅದನ್ನು ಕೋಡ್ ಬರೆಯುವ ಮೊದಲೇ ತೆರೆದರೆ ಒಳ್ಳೆಯದು. ಚಿತ್ರ, ಹೆಸರು, ಸಮತೋಲ ಎಲ್ಲ ಕೂತ ಮೇಲೆ ಒಂದು ಯಂತ್ರ ತೆಗೆಯುವುದೆಂದರೆ ಜೊತೆಯವರ ಮನಸ್ಸು ಮುರಿಯುವ ಕೆಲಸ. ಕೆತ್ತನೆ ಬಿಡಿಸಿದ ಕಲಾವಿದೆ ಅವತ್ತು ಸಂಜೆ ಮಾತಾಡದೆ ಎದ್ದುಹೋಗಿದ್ದಳು. ಇನ್ನೊಂದು, ತೆಗೆದದ್ದರ ಜಾಗವನ್ನು ಅದೇ ಬಗೆಯ ಇನ್ನೊಂದು ವಸ್ತುವಿನಿಂದ ತುಂಬುವ ಆತುರ ಬೇಡ. ಟ್ರೆಬುಶೆಯ ಜಾಗ ತುಂಬಿದ್ದು ಯಂತ್ರವಲ್ಲ, ದವಸದ ಲೆಕ್ಕ.

ಎಲ್ಲವನ್ನೂ ಸರಿ ಮಾಡಲಿಲ್ಲ, ಆಗುವಂತೆಯೂ ಇರಲಿಲ್ಲ. ಕುದುರೆ ಸವಾರರ ಕಾಲಿಗೆ ಮೂಲ ಆಟದ ರಿಕಾಪು (ಸವಾರ ಕಾಲಿಡುವ ಲೋಹದ ಬಳೆ) ಇದೆ. ಸಾಂಚಿಯ ಕಾಲಕ್ಕೆ ಕಾಲ್ಬೆರಳು ಸಿಕ್ಕಿಸುವ ಕುಣಿಕೆ ಕಾಣುತ್ತದೆ, ಹೊಯ್ಸಳರ ಕಾಲದ ಶಿಲ್ಪದಲ್ಲಿ ಪೂರ್ತಿ ರಿಕಾಪು ಕಾಣುತ್ತದೆ; ಚಾಲುಕ್ಯರು ಇವೆರಡರ ನಡುವೆ ಬರುತ್ತಾರೆ. ಆಟದ ಲೆಕ್ಕದಲ್ಲಿ ರಿಕಾಪಿಗೆ ಯಾವ ಬಲವೂ ಇಲ್ಲ, ಪರದೆಯಲ್ಲಿ ಅದು ಎದ್ದು ಕಾಣುವುದೂ ಇಲ್ಲ. ಹಾಗಾಗಿ ಮುಟ್ಟಲಿಲ್ಲ.

ನಿಜವಾಗಿ ಬಗೆಹರಿಯದೆ ಉಳಿದದ್ದು ಮಲ್ಟಿಪ್ಲೇಯರ್. ಕುಲುಮೆ ಊರು, ಮುತ್ತಿಗೆಯ ಲೆಕ್ಕ ಎಲ್ಲವೂ ಸಿನಾರಿಯೊದ ಟ್ರಿಗರ್ ಮೇಲೆ ನಿಂತಿವೆ. ಇಬ್ಬರು ಆಟಗಾರರು ಹೊಸ ನಕ್ಷೆ ಹಾಕಿಕೊಂಡು ಆಡುವಾಗ ಅವು ಇರುವುದಿಲ್ಲ. ಅಲ್ಲಿ ಮತ್ತೆ ಗುಂಡಿ ಒತ್ತಿದರೆ ಉಕ್ಕು. ಹೊಡೆತದ ಬಲವನ್ನಾದರೂ ಇಳಿಸೋಣ ಎಂದು ಮೇಷ್ಟ್ರು, ಹಾಗೆ ಇಳಿಸಿದರೆ ಆ ಪಂಗಡವನ್ನು ಯಾರೂ ಆರಿಸುವುದಿಲ್ಲ ಎಂದು ಪ್ರೋಗ್ರಾಮರ್. ಸದ್ಯಕ್ಕೆ ಪ್ರೋಗ್ರಾಮರ್‌ನ ಮಾತು ನಡೆದಿದೆ. ಮೇಷ್ಟ್ರ ಆಕ್ಷೇಪವನ್ನು ಮಾಡ್‌ನ ಜೊತೆ ಬರುವ ಟಿಪ್ಪಣಿಯಲ್ಲಿ ಅವರದೇ ಮಾತಿನಲ್ಲಿ ಸೇರಿಸಿದ್ದೇವೆ.